ಹೋಟೆಲಿನ ರುಚಿ, ಮನೆಯ ಒಲೆ
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ವಾಚನಾಲಯದಲ್ಲಿ ಸಾಹಿತ್ಯ, ಇತಿಹಾಸಗಳನ್ನು ಕುರಿತು ಬಲ್ಲವರು ಮಾತನಾಡಿದ್ದಾರೆ. ನನ್ನ ಪಾಲಿಗೆ ಬಂದದ್ದು ಹೊಟ್ಟೆಯ ವಿಷಯ. ಕೆಲವು ವರ್ಷ ಹೋಟೆಲಿನ ಅಡುಗೆಮನೆಯಲ್ಲಿ ದುಡಿದು, ಆಮೇಲೆ ಲೆಕ್ಕದ ಪುಸ್ತಕ ಹಿಡಿದವನಾದ್ದರಿಂದ ಕಾರ್ಯದರ್ಶಿಗಳು ಇದನ್ನು ನನಗೆ ವಹಿಸಿದ್ದಾರೆ.

ನಾವು ವಿಶಾಖಪಟ್ಟಣದ ಬಂದರಿಗೋ ಉಕ್ಕಿನ ಕಾರ್ಖಾನೆಗೋ, ವಿಜಯವಾಡದ ಆಟೋನಗರಕ್ಕೋ ಅಂಗಡಿ ಕಚೇರಿಗಳಿಗೋ ದುಡಿಮೆಗೆಂದು ಬಂದವರು. ಸಂಬಳದ ದಿನ ನಾಲ್ವರು ಕೂಡಿ ಹೋಟೆಲಿಗೆ ಹೋಗಿ ರೋಟಿ, ಪನ್ನೀರು ಮಸಾಲೆ, ತರಕಾರಿ ಕುರ್ಮ ತಿನ್ನುವುದು ತಪ್ಪಲ್ಲ. ಆದರೆ ಅದು ವಾರಕ್ಕೆ ಮೂರು ಸಲವಾದರೆ, ಆ ಹಣ ಊರಿಗೆ ಹೋಗಬೇಕಾದ ಹಣದಿಂದಲೇ ಕಳೆದದ್ದು. ಸಂಸಾರವಂದಿಗರ ಮನೆಯಲ್ಲಿ ಇನ್ನೊಂದು ತೊಡಕು ಉಂಟು: "ಹೋಟೆಲಿನಲ್ಲಿ ಬರುವ ಹಾಗೆ ನಿನ್ನ ಕೈಯಲ್ಲಿ ಬರುವುದಿಲ್ಲವಲ್ಲ" ಎಂಬ ಮಾತು. ಇಡೀ ದಿನ ದುಡಿದ ಹೆಂಗಸಿಗೆ ಈ ಮಾತು ಎಷ್ಟು ನೋವು ಕೊಡುತ್ತದೆಂಬುದನ್ನು ಆಡುವವನು ಯೋಚಿಸಿರುವುದಿಲ್ಲ. ಆ ಮಾತು ಅನ್ಯಾಯದ್ದೆಂದು ತೋರಿಸುವುದೂ, ಆ ರುಚಿಯನ್ನು ಮನೆಯಲ್ಲೇ ತರುವ ದಾರಿ ಹೇಳುವುದೂ ನನ್ನ ಇಂದಿನ ಉದ್ದೇಶ.

ಹೋಟೆಲಿನಲ್ಲಿ ಗುಟ್ಟಿನ ಪುಡಿ ಎಂಬುದೇನೂ ಇಲ್ಲ. ಇರುವುದು ಕೆಲಸದ ಹಂಚಿಕೆ. ಬೆಳಗ್ಗೆ ಒಬ್ಬ ಈರುಳ್ಳಿ ಹೆಚ್ಚುತ್ತಾನೆ, ಒಬ್ಬ ರುಬ್ಬುತ್ತಾನೆ, ಇನ್ನೊಬ್ಬ ತರಕಾರಿ ಬೇಯಿಸಿಡುತ್ತಾನೆ. ಈರುಳ್ಳಿ, ಟೊಮೆಟೊ, ಗೋಡಂಬಿಗಳನ್ನು ಹುರಿದು ರುಬ್ಬಿದ ಮಸಾಲೆ ದೊಡ್ಡ ಪಾತ್ರೆಯಲ್ಲಿ ಸಿದ್ಧವಾಗಿ ಕುಳಿತಿರುತ್ತದೆ. ಅದಕ್ಕೇ ಗ್ರೇವಿ ಎನ್ನುವುದು. ನೀವು ಬಂದು ಕುಳಿತು ಇಂಥದು ಬೇಕೆಂದ ಮೇಲೆ ನಡೆಯುವುದು ಐದಾರು ನಿಮಿಷದ ಕೆಲಸ ಮಾತ್ರ. ಅದೇ ಗ್ರೇವಿ ಪನ್ನೀರು ಬಿದ್ದರೆ ಒಂದು ಹೆಸರು, ಬಟಾಣಿ ಬಿದ್ದರೆ ಇನ್ನೊಂದು ಹೆಸರು ಪಡೆದು ನಿಮ್ಮ ಮೇಜಿಗೆ ಬರುತ್ತದೆ. ಇಂಗ್ಲೆಂಡಿನಲ್ಲಿ 'ಇಂಡಿಯನ್' ಎಂಬ ಫಲಕ ಹಾಕಿದ ಹೋಟೆಲುಗಳಲ್ಲಿ ಬಹಳಷ್ಟನ್ನು ನಡೆಸಿದವರು, ಈಗ ಬಾಂಗ್ಲಾದೇಶದಲ್ಲಿರುವ ಸಿಲ್ಹೆಟ್ ಸೀಮೆಯಿಂದ ನಮ್ಮಂತೆಯೇ ಹೊಟ್ಟೆಪಾಡಿಗಾಗಿ ಹೋದವರು. ಅವರು ಹಿಡಿದದ್ದೂ ಇದೇ ಕ್ರಮ: ಈರುಳ್ಳಿಯ ಗ್ರೇವಿಯನ್ನು ಮೊದಲೇ ಕುದಿಸಿಡುವುದು, ಗಿರಾಕಿ ಬಂದಾಗ ಬಾಣಲೆಯಲ್ಲಿ ಮುಗಿಸುವುದು.

ಹೋಟೆಲಿನ ರುಚಿ ಮನೆಗೆ ಬರುವುದು ಹೊಸ ಸಂಗತಿಯೇನಲ್ಲ. ೧೯೨೪ರಲ್ಲಿ ಉಡುಪಿಯ ಕಡೆಯ ಮಯ್ಯ ಸೋದರರು ಬೆಂಗಳೂರಿನಲ್ಲಿ ಆರಂಭಿಸಿದ ಹೋಟೆಲು ಮುಂದೆ ಮಾವಳ್ಳಿ ಟಿಫಿನ್ ರೂಂ ಎಂದು ಹೆಸರಾಯಿತು. ೧೯೭೫ರ ತುರ್ತುಪರಿಸ್ಥಿತಿಯಲ್ಲಿ ಸರಕಾರ ತಿಂಡಿಗಳ ಬೆಲೆಯನ್ನು ತಗ್ಗಿಸಿ ಕಟ್ಟು ಮಾಡಿದಾಗ, ನಷ್ಟದಲ್ಲಿ ನಡೆಸಲಾರದೆ ಹೋಟೆಲನ್ನು ಮುಚ್ಚಿ, ಅದೇ ಕೈಯ ಹದವನ್ನು ಪುಡಿ ಹಿಟ್ಟುಗಳ ಪೊಟ್ಟಣವಾಗಿ ಮಾರುವುದಕ್ಕೆ ತೊಡಗಿದರು. ಹೋಟೆಲು ಆಮೇಲೆ ಮತ್ತೆ ತೆರೆಯಿತು, ಪೊಟ್ಟಣಗಳೂ ಉಳಿದುಕೊಂಡವು. ಆದರೆ ಪೊಟ್ಟಣ ಪುಡಿಯ ಅಳತೆಯನ್ನು ತಂದೀತೇ ಹೊರತು, ಒಲೆಯ ಮುಂದೆ ನಿಲ್ಲುವ ತಾಳ್ಮೆಯನ್ನು ತರಲಾರದು.

ಈಗ ಕ್ರಮಕ್ಕೆ ಬರೋಣ. ನಾಲ್ವರಿಗೆ ಎರಡು ಹೊತ್ತಿಗಾಗುವ ಲೆಕ್ಕ ಹೇಳುತ್ತೇನೆ. ಅರ್ಧ ಕಿಲೋ ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ, ೧೦೦ ಮಿಲಿ ಎಣ್ಣೆಯಲ್ಲಿ ಚಿಟಿಕೆ ಉಪ್ಪು ಹಾಕಿ ನಡು ಉರಿಯಲ್ಲಿ ಹುರಿಯಿರಿ. ಇಪ್ಪತ್ತು ಇಪ್ಪತ್ತೈದು ನಿಮಿಷ ಬೇಕು. ಮನೆಯಲ್ಲಿ ನಾವು ತಪ್ಪುವುದು ಇಲ್ಲಿಯೇ. ಐದು ನಿಮಿಷಕ್ಕೆ ಮೆತ್ತಗಾಯಿತೆಂದು ಮುಂದಕ್ಕೆ ಹೋಗುತ್ತೇವೆ. ಈರುಳ್ಳಿಯ ನೀರು ಆರಿ, ಅದರೊಳಗಿನ ಸಕ್ಕರೆ ಕಂದುಬಣ್ಣಕ್ಕೆ ತಿರುಗಿದಾಗಲೇ ಆ ಸಿಹಿಯೂ ಘಮವೂ ಹುಟ್ಟುವುದು. ಬಳಿಕ ಒಂದು ಅಂಗುಲ ಶುಂಠಿ, ಹತ್ತು ಹನ್ನೆರಡು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ, ಹಸಿ ವಾಸನೆ ಹೋದ ಮೇಲೆ ಉರಿ ತಗ್ಗಿಸಿ, ಮೆಣಸಿನ ಪುಡಿ, ಎರಡು ಚಮಚ ಕೊತ್ತಂಬರಿ ಪುಡಿ, ಕಾಲು ಚಮಚ ಅರಿಸಿನ ಸೇರಿಸಿ. ಮೆಣಸಿನಕಾಯಿಯ ಕೆಂಪು ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಅಲ್ಲ. ಅದಕ್ಕಾಗಿಯೇ ಎಣ್ಣೆಯಲ್ಲಿ ಹಾಕುವುದು. ಅರೆ ನಿಮಿಷಕ್ಕಿಂತ ಹೆಚ್ಚು ಬಿಟ್ಟರೆ ಸೀದು ಕಹಿಯಾಗುತ್ತದೆ.

ಕೂಡಲೇ ಅರ್ಧ ಕಿಲೋ ಹೆಚ್ಚಿದ ಟೊಮೆಟೊ, ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿದ ೫೦ ಗ್ರಾಂ ಗೋಡಂಬಿ ಹಾಕಿ, ಅಂಚಿನಲ್ಲಿ ಎಣ್ಣೆ ಬಿಡುವವರೆಗೆ ಬತ್ತಿಸಿ. ನಮ್ಮ ನೆರೆಯ ತೆಲುಗು ತಾಯಂದಿರು 'ಇಗುರು' ಮಾಡುವಾಗ ಕಾಯುವುದೂ ಈ ಹದಕ್ಕೇ. ಹೋಟೆಲಿಗೆ ಹೋಗದೆಯೇ ಅವರನ್ನು ಕೇಳಿ ಕಲಿಯಬಹುದು. ಇಡೀ ಗೋಡಂಬಿ ಕೊಳ್ಳಬೇಕಾಗಿಲ್ಲ. ವಿಶಾಖಪಟ್ಟಣದ ಉತ್ತರಕ್ಕೆ ಶ್ರೀಕಾಕುಳಂ ಜಿಲ್ಲೆಯ ಪಲಾಸ ಗೋಡಂಬಿಗೆ ಹೆಸರಾದ ಊರು. ಅಲ್ಲಿಂದ ಬರುವ ಒಡಕಲು ಅಗ್ಗ, ರುಬ್ಬುವುದಕ್ಕೆ ಅದೇ ಸಾಕು. ಆರಿದ ಮೇಲೆ ನುಣ್ಣಗೆ ರುಬ್ಬಿ ಎರಡು ಪಾಲು ಮಾಡಿ. ಒಂದು ಈ ಹೊತ್ತಿಗೆ. ಇನ್ನೊಂದು ಫ್ರಿಜ್ಜಿನಲ್ಲಿ ಎರಡು ದಿನ ಇರಬಹುದು. ಫ್ರಿಜ್ಜು ಇಲ್ಲದ ಕೋಣೆಯವರು ಅರ್ಧ ಅಳತೆಯಲ್ಲಿ ಮಾಡಿ ಅಂದೇ ಮುಗಿಸತಕ್ಕದ್ದು. ಇಲ್ಲಿಯ ಸೆಕೆ ಯಾರನ್ನೂ ಕ್ಷಮಿಸುವುದಿಲ್ಲ.

ಮೆಣಸಿನಕಾಯಿಯ ಮಾತು ಬೇರೆಯಾಗಿಯೇ ಹೇಳಬೇಕು. ನಾವಿರುವುದು ಗುಂಟೂರಿನ ನೆರೆಯಲ್ಲಿ. ಗುಂಟೂರು ಸಣ್ಣಂ ಖಾರಕ್ಕೆ ಹೆಸರಾದದ್ದು. ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ ಬಣ್ಣಕ್ಕೆ ಹೆಸರಾದದ್ದು, ಸುಕ್ಕುಗಟ್ಟಿದ ಸಿಪ್ಪೆ, ಕಡಿಮೆ ಖಾರ. ಎರಡಕ್ಕೂ ಸರಕಾರದ ಭೌಗೋಳಿಕ ಗುರುತಿನ ಮನ್ನಣೆ ಉಂಟು. ಹೋಟೆಲಿನ ಕೆಂಪು ಬೇಕೆಂದು ಗುಂಟೂರಿನ ಪುಡಿಯನ್ನೇ ಮೂರು ಚಮಚ ಸುರಿದರೆ, ಬಣ್ಣ ಬರುವ ಮೊದಲೇ ಕಣ್ಣಲ್ಲಿ ನೀರು ಬರುತ್ತದೆ. ಬ್ಯಾಡಗಿ ಎರಡು ಚಮಚ, ಗುಂಟೂರು ಅರ್ಧ ಚಮಚ ಬೆರೆಸಿದರೆ ಎರಡು ನಾಡೂ ಒಂದೇ ಬಟ್ಟಲಿನಲ್ಲಿ ಜಗಳವಿಲ್ಲದೆ ಕೂಡುತ್ತವೆ. ಹುಬ್ಬಳ್ಳಿಯ ಕಡೆಯಿಂದ ಅಮರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಮರಳುವವರು ಒಂದು ಕಿಲೋ ಬ್ಯಾಡಗಿ ತಂದರೆ ಕೋಣೆಯವರಿಗೆಲ್ಲ ತಿಂಗಳುಗಟ್ಟಲೆ ಬರುತ್ತದೆ.

ಇನ್ನು ಕೊನೆಯ ಐದು ನಿಮಿಷ. ಬಾಣಲೆ ಚೆನ್ನಾಗಿ ಕಾಯಲಿ. ಒಂದು ಚಮಚ ಎಣ್ಣೆ, ಜೀರಿಗೆ, ದೊಡ್ಡದಾಗಿ ಹೆಚ್ಚಿದ ಈರುಳ್ಳಿ ಹಾಗೂ ದಪ್ಪ ಮೆಣಸಿನಕಾಯಿ ಹಾಕಿ ಜೋರು ಉರಿಯಲ್ಲಿ ಎರಡು ನಿಮಿಷ ಕೈಯಾಡಿಸಿ. ಮೇಲೆ ಒಂದು ಪಾಲು ಗ್ರೇವಿ, ಬೇಕಾದಷ್ಟು ಕುದಿಯುವ ನೀರು. ತಣ್ಣೀರು ಬೇಡ, ಕಾವು ಕುಗ್ಗುತ್ತದೆ. ಬೇಯಿಸಿಟ್ಟ ತರಕಾರಿಯೋ ಪನ್ನೀರೋ ಹಾಕಿ, ಉಪ್ಪು, ಚಿಟಿಕೆ ಸಕ್ಕರೆ, ಕೊನೆಗೆ ಅರ್ಧ ಚಮಚ ಗರಂ ಮಸಾಲೆ. ಒಂದು ಚಮಚ ಕಸೂರಿ ಮೇಥಿಯನ್ನು ಬಿಸಿ ಹಂಚಿನ ಮೇಲೆ ಕ್ಷಣಕಾಲ ಇಟ್ಟು, ಅಂಗೈಯಲ್ಲಿ ಉಜ್ಜಿ ಉದುರಿಸಿ. ನೀವು ಹೋಟೆಲಿನ ವಾಸನೆ ಎನ್ನುವುದರಲ್ಲಿ ಬಹುಪಾಲು ಇದೇ. ಉಳಿದದ್ದು ಬೆಣ್ಣೆ, ಉಪ್ಪುಗಳ ಧಾರಾಳ. ಅಷ್ಟು ಧಾರಾಳ ನಿಮ್ಮ ಮನೆಯಲ್ಲಿ ಬೇಡ. ರಕ್ತದೊತ್ತಡವಿರುವವರಿಗಂತೂ ಖಂಡಿತ ಬೇಡ. ರುಚಿಯಲ್ಲಿ ಕಾಲುಪಾಲು ಕಡಿಮೆಯಾದರೂ ಆಗಲಿ.

ಸೋದರರೆ, ಈಗ ಲೆಕ್ಕ ನೋಡಿ. ಒಂದು ಬಟ್ಟಲು ಪಲ್ಯದ ಹಿಂದೆ ಹೋಟೆಲಿನಲ್ಲಿ ಐದಾರು ಜೋಡಿ ಕೈಗಳಿವೆ. ಅವುಗಳಲ್ಲಿ ಎಷ್ಟೋ ಕೈಗಳು ನಮ್ಮಂತೆಯೇ ಊರು ಬಿಟ್ಟು ಬಂದ ಹುಡುಗರವು. ಮನೆಯಲ್ಲಿ ಇರುವುದು ಒಂದೇ ಜೋಡಿ ಕೈ. ಅದೇ ಕೈ ಮಗುವನ್ನೂ ನೋಡಬೇಕು, ನೀರನ್ನೂ ಹಿಡಿಯಬೇಕು. ಆ ಐದರ ಜೊತೆಗೆ ಈ ಒಂದನ್ನು ತೂಗಿ ನೋಡಿ ಸೋತಿತೆನ್ನುವುದು ಯಾವ ನ್ಯಾಯ? ಹೋಟೆಲಿನ ರುಚಿ ಬೇಕೆನ್ನುವವನು ಹೋಟೆಲಿನ ಕೆಲಸದ ಹಂಚಿಕೆಯನ್ನೂ ಮನೆಗೆ ತರಲಿ. ಭಾನುವಾರ ಬೆಳಗ್ಗೆ ಗಂಡಸರು ಈರುಳ್ಳಿ ಹೆಚ್ಚಿ, ಆ ಇಪ್ಪತ್ತೈದು ನಿಮಿಷ ಒಲೆಯ ಮುಂದೆ ತಾವೇ ನಿಲ್ಲಲಿ. ಕೋಣೆಯಲ್ಲಿರುವ ಹುಡುಗರು ಸರದಿ ಹಾಕಿಕೊಳ್ಳಲಿ: ಒಬ್ಬ ಸಂತೆಗೆ, ಒಬ್ಬ ಹೆಚ್ಚುವುದಕ್ಕೆ, ಒಬ್ಬ ಬಾಣಲೆಗೆ, ಒಬ್ಬ ಪಾತ್ರೆಗೆ. ಪಾತ್ರೆಯ ಸರದಿಯವನನ್ನು ಮಾತ್ರ ಯಾರೂ ಮರೆಯಬಾರದು.

ಸಂದೇಹವಿದ್ದವರು ಕೂಟ ಮುಗಿದ ಮೇಲೆ ಕೇಳಬಹುದು.