ಕೂದಲೆಳೆಯ ಅಂತರ: ಕಿರುಕಾರುಗಳು ಮತ್ತು ಅನ್ಯಮನಸ್ಕ ಚಾಲಕರು



ರಸ್ತೆ ಅಪಘಾತಗಳನ್ನು ಕುರಿತ ಉಪನ್ಯಾಸವನ್ನು ಅಂಕಿ-ಅಂಶಗಳಿಂದ ಆರಂಭಿಸುವುದು ವಾಡಿಕೆ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವಾರ್ಷಿಕ ವರದಿಯಂತೆ 2022ರಲ್ಲಿ ದೇಶದಲ್ಲಿ 4,61,312 ಅಪಘಾತಗಳು ಸಂಭವಿಸಿ, 1,68,491 ಮಂದಿ ಅಸುನೀಗಿದರು. ಈ ಸಂಖ್ಯೆಗಳು ಪೊಲೀಸ್ ದಾಖಲೆಗಳಿಂದ ಸಂಕಲಿತವಾದವು. ಡಿಕ್ಕಿಯು ಕೂದಲೆಳೆಯ ಅಂತರದಲ್ಲಿ ತಪ್ಪಿಹೋದ ಪ್ರಸಂಗಗಳು ಇವುಗಳಲ್ಲಿ ಸೇರಿಲ್ಲ. ಸೇರುವ ಅವಕಾಶವೂ ಇಲ್ಲ. ಗಾಜು ಒಡೆಯಲಿಲ್ಲ, ರಕ್ತ ಹರಿಯಲಿಲ್ಲ, ಆದಕಾರಣ ಏನೂ ನಡೆಯಲಿಲ್ಲವೆಂದೇ ಲೆಕ್ಕ. ಹೀಗೆ ಲೆಕ್ಕಕ್ಕೆ ಸಿಗದ ಪ್ರಸಂಗಗಳೇ ಇಂದಿನ ವಿಷಯ. ಅದರಲ್ಲಿಯೂ ಅತಿ ಚಿಕ್ಕ ಕಾರುಗಳನ್ನು ನಡೆಸುವವರ ಪಾಲಿಗೆ ಬರುವಂಥವನ್ನು ವಿಶೇಷವಾಗಿ ಪರಿಶೀಲಿಸಲಾಗುವುದು.

ಚಿಕ್ಕ ಕಾರು ಭಾರತೀಯ ಮಧ್ಯಮ ವರ್ಗದ ಸಂಸಾರಕ್ಕೆ ಹೊಸತಲ್ಲ. 1983ರ ಡಿಸೆಂಬರ್ 14ರಂದು ಮಾರುತಿ 800 ಕಾರಿನ ಮೊದಲ ಕೀಲಿಕೈ ಗ್ರಾಹಕರೊಬ್ಬರ ಕೈಸೇರಿತು. 2014ರವರೆಗೆ ತಯಾರಾದ ಆ ಕಾರಿನ ತೂಕ ಸುಮಾರು 650 ಕಿಲೋಗ್ರಾಂ. 2001ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡು ಮಾರುಕಟ್ಟೆಗೆ ಬಂದ ರೇವಾ ವಿದ್ಯುತ್ ಕಾರಿನ ಉದ್ದ ಸುಮಾರು 2.6 ಮೀಟರ್, ಅಗಲ 1.3 ಮೀಟರ್ ಮಾತ್ರ. ಅದು ಲಂಡನ್ ನಗರದ ಬೀದಿಗಳಲ್ಲಿ ಜಿ-ವಿಜ್ ಎಂಬ ಹೆಸರಿನಿಂದ ಓಡಾಡಿತೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. 2009ರಿಂದ 2018ರವರೆಗೆ ಮಾರಾಟವಾದ ನ್ಯಾನೋ ಕಾರು ಅದಕ್ಕಿಂತ ಅರ್ಧ ಮೀಟರಿನಷ್ಟು ಉದ್ದವಿತ್ತು. ಇಂತಹ ಕಾರುಗಳನ್ನು ಕೊಳ್ಳುವವರಲ್ಲಿ ಹೆಚ್ಚಿನವರು ಸ್ಕೂಟರಿನ ಮೇಲೆ ಮಳೆ-ಬಿಸಿಲಿನಲ್ಲಿ ಮಡದಿ ಮಕ್ಕಳನ್ನು ಕರೆದೊಯ್ದು ಬೇಸತ್ತವರು. ಕಾರು ಚಿಕ್ಕದಾಯಿತೆಂದು ಅವರನ್ನು ದೂಷಿಸುವುದು ನ್ಯಾಯವಲ್ಲ.

ಚಿಕ್ಕ ಕಾರಿನ ಅನುಕೂಲವೂ ಅಪಾಯವೂ ಒಂದೇ ಬೀದಿಯಲ್ಲಿ ಕಾಣಸಿಗುವ ಸ್ಥಳಕ್ಕೆ ಕೊಚ್ಚಿಯ ಮಟ್ಟಾಂಚೇರಿ ಉತ್ತಮ ನಿದರ್ಶನ. ಮಂಗಳೂರು, ಕಾಸರಗೋಡು, ಕೋಳಿಕ್ಕೋಡುಗಳನ್ನು ಹಾದು ತಿರುವನಂತಪುರದತ್ತ ಸಾಗುವ 66ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಕೊಚ್ಚಿಗೆ ಬರುವ ಕನ್ನಡಿಗ ಪ್ರವಾಸಿಗಳಿಗೆ ಈ ಊರು ಅಪರಿಚಿತವಲ್ಲ. ಪೋರ್ಚುಗೀಸರು ಕಟ್ಟಿಸಿ, ಡಚ್ಚರು ದುರಸ್ತಿ ಮಾಡಿಸಿದ ಅರಮನೆ, 1568ರ ಯೆಹೂದಿ ಪ್ರಾರ್ಥನಾ ಮಂದಿರ, ಹಿನ್ನೀರಿನ ದಡಕ್ಕೆ ಒತ್ತಿಕೊಂಡು ಸಾಗುವ ಬಜಾರ್ ರೋಡ್, ಅದರ ಇಕ್ಕೆಲಗಳಲ್ಲಿ ಶುಂಠಿ, ಮೆಣಸುಗಳ ಹಳೆಯ ಉಗ್ರಾಣಗಳು. ಈ ಬೀದಿಗಳು ರೂಪುಗೊಂಡದ್ದು ದೋಣಿ ಮತ್ತು ಕೈಗಾಡಿಗಳ ಕಾಲದಲ್ಲಿ. ಇಂದು ಅಲ್ಲಿಯೇ ಲಾರಿ ನಿಂತು ಸರಕು ಇಳಿಸಬೇಕು, ಆಟೋರಿಕ್ಷಾ ಹಾಯಬೇಕು, ಪ್ರವಾಸಿಗಳು ಅಂಗಡಿಗಳತ್ತ ಮುಖವೆತ್ತಿ ನಡೆಯಬೇಕು. ದೊಡ್ಡ ಕಾರು ಹಿಂದೆ ಸರಿಯಬೇಕಾದಲ್ಲಿ ಕಿರುಕಾರು ಸಲೀಸಾಗಿ ನುಸುಳುತ್ತದೆ. ಅದೇ ಕಾರು ನಿಂತ ಲಾರಿಯ ಮರೆಯಿಂದ ಮೂತಿಯನ್ನು ಹೊರಚಾಚಿದಾಗ, ಎದುರು ಬರುವವನಿಗೆ ಕಾಣುವುದು ಅದರ ಒಂದು ದೀಪ ಮಾತ್ರ. ಕೆಲವೊಮ್ಮೆ ಅದೂ ಇಲ್ಲ.

ಒಂದು ಸಾಮಾನ್ಯ ಸನ್ನಿವೇಶವನ್ನು ಕಲ್ಪಿಸಿಕೊಳ್ಳಬಹುದು. ಮಟ್ಟಾಂಚೇರಿಯಿಂದ ತೋಪ್ಪುಂಪಡಿಯತ್ತ ಕಿರುಕಾರೊಂದು ರಸ್ತೆಯ ಎಡಬದಿಯಲ್ಲಿ ಸಾಗುತ್ತಿದೆ. ಅದರ ಬಲಕ್ಕೆ ಬಂದ ಬಸ್ಸು ಮುಂದಿನ ನಿಲ್ದಾಣದಲ್ಲಿ ಜನರನ್ನು ಹತ್ತಿಸಿಕೊಳ್ಳಲು ಎಡಕ್ಕೆ ತಿರುಗತೊಡಗುತ್ತದೆ. ಬಸ್ಸಿನ ಚಾಲಕ ಕನ್ನಡಿ ನೋಡಿಲ್ಲವೆಂದಲ್ಲ, ನೋಡಿದ್ದಾನೆ. ಆದರೆ ಎತ್ತರದ ಆಸನದಲ್ಲಿ ಕುಳಿತವನಿಗೆ ತನ್ನ ಎಡಬಾಗಿಲಿನ ಕೆಳಗೆ ಇರುವ ಗಿಡ್ಡ ವಾಹನ ಕನ್ನಡಿಯ ಚೌಕಟ್ಟಿನೊಳಗೆ ಬರುವುದೇ ಇಲ್ಲ. ಕಾರಿನವನು ಬ್ರೇಕನ್ನು ತುಳಿದು, ಹಾರನ್ನು ಒತ್ತಿ, ಚರಂಡಿಯ ಅಂಚಿನಲ್ಲಿ ನಿಲ್ಲುತ್ತಾನೆ. ಅವನ ಕೈ ನಡುಗುತ್ತಿರುತ್ತದೆ. ಬಸ್ಸು ನಿಲ್ದಾಣ ತಲಪಿ, ಜನರನ್ನು ಹತ್ತಿಸಿಕೊಂಡು ಹೊರಟುಹೋಗುತ್ತದೆ.

ಈ ಪ್ರಸಂಗದ ಅತ್ಯಂತ ಗಂಭೀರವಾದ ಅಂಶವು ಅದರ ಕೊನೆಯಲ್ಲಿದೆ. ಎಚ್ಚರಿಕೆ ಬೇಕಾಗಿದ್ದದ್ದು ಬಸ್ಸಿನ ಚಾಲಕನಿಗೆ. ದೊರೆತದ್ದು ಮೊದಲೇ ಎಚ್ಚರವಾಗಿದ್ದ ಕಾರಿನ ಚಾಲಕನಿಗೆ. ಅಲಕ್ಷ್ಯ ತೋರಿದವನಿಗೆ ತಾನು ಅಲಕ್ಷ್ಯ ತೋರಿದೆನೆಂಬುದೇ ತಿಳಿಯದು. ಹತ್ತು ಬಾರಿ ಹತ್ತು ಮಂದಿ ಜಾಗರೂಕರು ತಪ್ಪಿಸಿಕೊಂಡರೆ, ತನ್ನ ಚಾಲನೆ ನಿರ್ದುಷ್ಟವೆಂಬ ನಂಬಿಕೆ ಅವನಲ್ಲಿ ಹತ್ತು ಪಟ್ಟು ಬೇರೂರುತ್ತದೆ. ಇಪ್ಪತ್ತು ವರ್ಷ ಅಪಘಾತವಿಲ್ಲದೆ ವಾಹನ ನಡೆಸಿದೆನೆಂದು ಹೇಳಿಕೊಳ್ಳುವವರಲ್ಲಿ ಎಷ್ಟು ಮಂದಿ ಇತರರ ಎಚ್ಚರದಿಂದ ಉಳಿದವರೋ!

ಕಣ್ಣು ನೋಡಿಯೂ ಕಾಣದಿರುವುದಕ್ಕೆ ಕಾರಣಗಳುಂಟು. ತಿರುವಿನಲ್ಲಿ ಚಾಲಕನ ಕಣ್ಣು ತಾನು ನಿರೀಕ್ಷಿಸಿದ್ದನ್ನು ಹುಡುಕುತ್ತದೆ: ಬಸ್ಸು, ಲಾರಿ, ದೊಡ್ಡ ಕಾರು. ನಿರೀಕ್ಷಿಸದ ಆಕಾರವು ದೃಷ್ಟಿಯಲ್ಲಿ ಬಿದ್ದರೂ ಮನಸ್ಸಿಗೆ ತಾಕದೆ ಜಾರಿಹೋಗಬಹುದು. ಕಾರಿನ ಮುಂಗಾಜಿನ ಬದಿಯ ಕಂಬವೊಂದೇ ದೂರದ ಸಣ್ಣ ವಾಹನವನ್ನು ಪೂರ್ಣವಾಗಿ ಮರೆಮಾಡಬಲ್ಲದು. ಇನ್ನೊಂದು ವಿಚಿತ್ರವನ್ನು ದೃಷ್ಟಿವಿಜ್ಞಾನದ ಪ್ರಯೋಗಗಳು ತೋರಿಸಿವೆ. ಒಂದೇ ಸಮಯಕ್ಕೆ ತಲಪಲಿರುವ ಎರಡು ವಸ್ತುಗಳಲ್ಲಿ ಚಿಕ್ಕದು ತಡವಾಗಿ ತಲಪುವುದೆಂದು ಜನರು ಭಾವಿಸುವ ಸಂಭವ ಹೆಚ್ಚು. ಆದ್ದರಿಂದ ಅಡ್ಡರಸ್ತೆಯಿಂದ ಬರುವವನು ಲಾರಿಯನ್ನು ಕಂಡು ನಿಲ್ಲುತ್ತಾನೆ. ಅಷ್ಟೇ ವೇಗದಲ್ಲಿ, ಅಷ್ಟೇ ದೂರದಲ್ಲಿರುವ ಕಿರುಕಾರನ್ನು ಕಂಡು ನುಗ್ಗುತ್ತಾನೆ. ಇದಕ್ಕೆ ದೂರವಾಣಿಯ ಗೀಳು ಬೇರೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡು ಮೊಬೈಲ್ ಪರದೆಯನ್ನು ನೋಡಿದವನು 22 ಮೀಟರ್ ದೂರವನ್ನು ಕಣ್ಣು ಕಟ್ಟಿಕೊಂಡು ಕ್ರಮಿಸಿದಂತೆ. ಆ ಅಂತರದಲ್ಲಿ ಎಂಟು ರೇವಾ ಕಾರುಗಳು ಸಾಲಾಗಿ ನಿಲ್ಲಬಲ್ಲವು.

ತಪ್ಪದೆ ಡಿಕ್ಕಿಯಾದರೆ ಹೊರೆ ಸಮನಾಗಿ ಹಂಚಿಕೆಯಾಗದು. 13,000 ಕಿಲೋಗ್ರಾಂ ತೂಕದ ಬಸ್ಸು ಮತ್ತು 650 ಕಿಲೋಗ್ರಾಂ ತೂಕದ ಕಾರು ತಲಾ 40 ಕಿಲೋಮೀಟರ್ ವೇಗದಲ್ಲಿ ಮುಖಾಮುಖಿಯಾಗಿ ಡಿಕ್ಕಿಹೊಡೆದು ಕಚ್ಚಿಕೊಂಡವೆಂದು ಭಾವಿಸೋಣ. ಶಾಲೆಯ ಭೌತಶಾಸ್ತ್ರದ ಲೆಕ್ಕದಂತೆ ಬಸ್ಸಿನ ವೇಗ ಸುಮಾರು 4 ಕಿಲೋಮೀಟರಿನಷ್ಟು ಕುಗ್ಗುತ್ತದೆ. ಕಾರಾದರೋ ನಿಲ್ಲುವುದಷ್ಟೇ ಅಲ್ಲ, ಬಂದ ದಿಕ್ಕಿಗೇ 36 ಕಿಲೋಮೀಟರ್ ವೇಗದಲ್ಲಿ ಹಿಂದಕ್ಕೆ ತಳ್ಳಲ್ಪಡುತ್ತದೆ. ಕ್ಷಣಾರ್ಧದಲ್ಲಿ ಆಗುವ 76 ಕಿಲೋಮೀಟರಿನ ಈ ವ್ಯತ್ಯಾಸವನ್ನು ಒಳಗಿರುವ ದೇಹಗಳು ತಾಳಬೇಕು.

ಈ ದಿಸೆಯಲ್ಲಿ ಸರ್ಕಾರದ ಕ್ರಮಗಳು ವಾಹನದ ಮೇಲೂ ಚಾಲಕನ ಮೇಲೂ ಗಮನ ಹರಿಸಿವೆ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯು ಭಾರತದ ಐದು ಜನಪ್ರಿಯ ಚಿಕ್ಕ ಕಾರುಗಳನ್ನು ಪರೀಕ್ಷಿಸಿ, ವಯಸ್ಕರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ ತಾರೆ ನೀಡಿತು. ಆ ಬಳಿಕ ಡಿಕ್ಕಿ ಪರೀಕ್ಷೆಯು ಹೊಸ ಮಾದರಿಗಳಿಗೆ 2017ರ ಅಕ್ಟೋಬರಿನಿಂದ ಕಡ್ಡಾಯವಾಯಿತು. ಚಾಲಕನ ಗಾಳಿಚೀಲವು 2019ರ ಜುಲೈಯಿಂದ ಕಡ್ಡಾಯವಾಯಿತು. 2023ರ ಅಕ್ಟೋಬರ್ 1ರಿಂದ ಭಾರತ್ ಎನ್‌ಕ್ಯಾಪ್ ಶ್ರೇಣಿ ಪದ್ಧತಿ ಜಾರಿಗೆ ಬಂದಿತು. ಹಳೆಯ ಕಿರುಕಾರುಗಳಿಗೆ ಇವುಗಳ ಪ್ರಯೋಜನ ದೊರೆಯದು. ಅವುಗಳೊಳಗಿನವರಿಗೆ ಸೀಟ್ ಬೆಲ್ಟೇ ಮುಖ್ಯ ಆಸರೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಅಧಿನಿಯಮದ 184ನೇ ಪ್ರಕರಣವು ಚಾಲನೆಯ ವೇಳೆ ಕೈಯಲ್ಲಿ ಹಿಡಿದು ಬಳಸುವ ಸಂಪರ್ಕ ಸಾಧನವನ್ನು ಅಪಾಯಕಾರಿ ಚಾಲನೆಯ ವ್ಯಾಪ್ತಿಗೆ ಸ್ಪಷ್ಟವಾಗಿ ತಂದಿದೆ. ಕೇರಳದಲ್ಲಿ 2023ರ ಜೂನ್ 5ರಿಂದ ಕ್ಯಾಮೆರಾಗಳ ಮೂಲಕ ಇಂತಹ ಉಲ್ಲಂಘನೆಗಳಿಗೆ ದಂಡ ವಿಧಿಸಲಾಗುತ್ತಿದೆ. ಕ್ಯಾಮೆರಾ ಕೈಯಲ್ಲಿರುವ ಮೊಬೈಲನ್ನು ಹಿಡಿಯಬಲ್ಲದು; ಬೇರೆಡೆ ಅಲೆಯುವ ಮನಸ್ಸನ್ನು ಹಿಡಿಯಲಾರದು.

ಕಿರುಕಾರಿನ ಚಾಲಕನು ತಾನು ಯಾರಿಗೂ ಕಾಣುತ್ತಿಲ್ಲವೆಂದು ಭಾವಿಸಿ ನಡೆಸುವುದು ಕ್ಷೇಮ. ಬಸ್ಸಿನ ಪಕ್ಕದಲ್ಲಿ ಸಮಾನವಾಗಿ ಸಾಗುತ್ತಿರದೆ ಹಿಂದುಳಿಯುವುದು, ಎದುರಿನ ಕನ್ನಡಿಯಲ್ಲಿ ಲಾರಿ ಚಾಲಕನ ಮುಖ ಕಾಣದಿದ್ದರೆ ತನ್ನನ್ನೂ ಅವನು ಕಾಣನೆಂದು ತಿಳಿಯುವುದು, ಮುಂಗಾರಿನ ಮಬ್ಬಿನಲ್ಲಿ ಹಗಲಿನಲ್ಲೂ ದೀಪ ಉರಿಸುವುದು, ನುಸುಳಲು ಜಾಗವಿದೆಯೆಂಬ ಒಂದೇ ಕಾರಣಕ್ಕೆ ನುಸುಳದಿರುವುದು, ಇವು ಅಭ್ಯಾಸವಾಗಬೇಕು. ಆದರೆ ಎಚ್ಚರದ ಹೊಣೆಯನ್ನೆಲ್ಲ ಚಿಕ್ಕವನ ತಲೆಗೆ ಕಟ್ಟಿ ದೊಡ್ಡವನನ್ನು ಬಿಟ್ಟುಬಿಡುವುದು ನಮ್ಮ ರಸ್ತೆಗಳ ಹಳೆಯ ಚಾಳಿ. 13 ಟನ್ನಿನ ವಾಹನದ ಚಕ್ರ ಹಿಡಿದವನು ತಿರುಗುವ ಮುನ್ನ ಎರಡನೆಯ ಬಾರಿ ನೋಡಲು ತಗಲುವುದು ಒಂದು ಸೆಕೆಂಡು.

ವಾಯುಯಾನ ಕ್ಷೇತ್ರ ಈ ಸಮಸ್ಯೆಗೆ ಬೇರೊಂದು ದಾರಿ ಹಿಡಿದಿದೆ. ಅಮೆರಿಕದಲ್ಲಿ 1976ರಿಂದ ವಿಮಾನ ಚಾಲಕರು ತಪ್ಪಿಹೋದ ಅವಘಡಗಳನ್ನು ಸ್ವಯಂಪ್ರೇರಣೆಯಿಂದ ವರದಿ ಮಾಡುತ್ತಾರೆ. ನಾಸಾ ಸಂಸ್ಥೆಯು ವರದಿಗಾರರ ಹೆಸರನ್ನು ಗೋಪ್ಯವಾಗಿರಿಸಿ ಅವುಗಳನ್ನು ಅಭ್ಯಸಿಸುತ್ತದೆ. ನಮ್ಮಲ್ಲಿ ಇಂತಹ ಕಾರ್ಯಕ್ಕೆ ಪರಿಣತರ ಕೊರತೆಯಿಲ್ಲ. ತಿರುವನಂತಪುರದಲ್ಲಿ ನಾಟ್‌ಪ್ಯಾಕ್ ಎಂದು ಪ್ರಸಿದ್ಧವಾದ ಸಾರಿಗೆ ಯೋಜನಾ ಸಂಶೋಧನಾ ಕೇಂದ್ರವು 1970ರ ದಶಕದಿಂದ ಕಾರ್ಯನಿರತವಾಗಿದೆ; ಕೇರಳವು 2007ರಲ್ಲಿಯೇ ರಸ್ತೆ ಸುರಕ್ಷತಾ ಪ್ರಾಧಿಕಾರಕ್ಕಾಗಿ ಶಾಸನ ರೂಪಿಸಿತು. ಪ್ರತಿ ಬಸ್ ಡಿಪೋದಲ್ಲಿ, ಪ್ರತಿ ಲಾರಿ ಮಾಲೀಕರ ಕಚೇರಿಯಲ್ಲಿ, ಕೂದಲೆಳೆಯಲ್ಲಿ ತಪ್ಪಿದ ಪ್ರಸಂಗಗಳಿಗೆಂದೇ ಒಂದು ದಾಖಲೆ ಪುಸ್ತಕವನ್ನಿಟ್ಟು, ಸ್ಥಳ, ವೇಳೆ, ತಿರುವು ಇಷ್ಟನ್ನೇ ಬರೆದುಕೊಂಡು, ತಿಂಗಳಿಗೊಮ್ಮೆ ಚಾಲಕರ ಮುಂದೆ ಓದಿಸುವ ಏರ್ಪಾಡಿಗೆ ಹೆಚ್ಚಿನ ಖರ್ಚೇನೂ ಬೀಳದು. ಕಾರಿನವರು ಹೇಳಿಕೊಂಡದ್ದನ್ನೂ ಅದರಲ್ಲಿ ಬರೆದುಕೊಳ್ಳಬೇಕು. ಬಸ್ಸಿನ ಚಾಲಕನಿಗೆ, ಆ ದಿನ ತನ್ನ ಎಡಬಾಗಿಲಿನ ಕೆಳಗೆ ಒಂದು ಕಾರಿತ್ತೆಂಬುದು ಆಗಲಾದರೂ ತಿಳಿದೀತು.