ಪರದೇಶದಲ್ಲಿ ನಮ್ಮ ಹೆಸರು
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮವರು ಈ ಮುಂಬಯಿಗೆ ಬಂದು ಮೊದಲು ಹೋಟೆಲು ಕಟ್ಟಿದರು, ಆಮೇಲೆ ಹೆಸರು ಕಟ್ಟಿದರು. ಈಗ ಅದೇ ಹೆಸರು ಸಾರಿನ ಪುಡಿಯ ಪೊಟ್ಟಣದ ಮೇಲೆ, ಊದಿನಕಡ್ಡಿಯ ಡಬ್ಬಿಯ ಮೇಲೆ ದುಬೈಗೂ ಸಿಂಗಪುರಕ್ಕೂ ಹೊರಟಿದೆ. ಸರಕೇನೋ ಹಡಗು ಹತ್ತುತ್ತದೆ. ಇಲ್ಲಿ ದಾಖಲಾದ ಟ್ರೇಡ್ ಮಾರ್ಕಿನ ಹಕ್ಕು ಬಂದರಿನಲ್ಲಿಯೇ ನಿಂತುಬಿಡುತ್ತದೆ. ಅನೇಕ ದೇಶಗಳಲ್ಲಿ ಮೊದಲು ಅರ್ಜಿ ಹಾಕಿದವನದೇ ಮೇಲುಗೈ. ಅಲ್ಲಿನ ಏಜೆಂಟನೇ ನಿಮ್ಮ ಹೆಸರನ್ನು ತನ್ನದೆಂದು ಬರೆಯಿಸಿಕೊಂಡರೆ, ಅಜ್ಜ ಗಳಿಸಿದುದಕ್ಕಾಗಿ ಮೊಮ್ಮಗ ಕೋರ್ಟು ಹತ್ತಬೇಕು, ಇಲ್ಲವೇ ದುಡ್ಡು ಕೊಟ್ಟು ಕೊಳ್ಳಬೇಕು!

ಇದಕ್ಕೊಂದು ದಾರಿಯುಂಟು. 1891ರ ಮ್ಯಾಡ್ರಿಡ್ ಒಪ್ಪಂದದಿಂದ ಬೆಳೆದ ಏರ್ಪಾಡಿದು. ಭಾರತ ಇದಕ್ಕೆ ಸೇರಿದ್ದು 2013ರ ಜುಲೈ 8ರಂದು. ದುಬೈಯನ್ನೊಳಗೊಂಡ ಅರಬ್ ಒಕ್ಕೂಟ 2021ರಲ್ಲಿ. ನಮ್ಮ ಟ್ರೇಡ್ ಮಾರ್ಕ್ ರಿಜಿಸ್ಟ್ರಿಯ ಮೂಲಕವೇ ಒಂದು ಅರ್ಜಿಯನ್ನು ಜಿನೀವಾಕ್ಕೆ ಕಳುಹಿಸಿ, ಬೇಕಾದ ದೇಶಗಳನ್ನು ಹೆಸರಿಸಬಹುದು. ಕಪ್ಪು ಬಿಳುಪಿನ ಗುರುತಾದರೆ ಮೂಲ ಶುಲ್ಕ 653 ಸ್ವಿಸ್ ಫ್ರಾಂಕು, ಬಣ್ಣದ್ದಾದರೆ 903. ದೇಶದೇಶದ ಶುಲ್ಕ ಬೇರೆ.

ಆದರೆ ಅರ್ಜಿ ಒಂದಾದ ಮಾತ್ರಕ್ಕೆ ಹಕ್ಕೂ ಒಂದೇ ಎಂದು ತಿಳಿಯಬಾರದು. ಪ್ರತಿ ದೇಶವೂ ತನ್ನ ಕಾನೂನಿನಂತೆ ಪರೀಕ್ಷಿಸುತ್ತದೆ. ಬೇಡವೆನ್ನಲು ಅದಕ್ಕೆ 12 ಅಥವಾ 18 ತಿಂಗಳ ಅವಕಾಶವಿದೆ. ಹತ್ತು ವರ್ಷಕ್ಕೊಮ್ಮೆ ಎಲ್ಲವನ್ನೂ ಒಂದೇ ಕಡೆ ನವೀಕರಿಸಬಹುದೆಂಬುದೇ, ನನಗೆ ತೋರುವಂತೆ, ದೊಡ್ಡ ಸೌಕರ್ಯ.

ಮುಖ್ಯವಾದುದು ಇನ್ನೊಂದಿದೆ. ಮೊದಲ ಐದು ವರ್ಷ ಪರದೇಶದ ದಾಖಲೆಗಳೆಲ್ಲ ಊರಿನ ದಾಖಲೆಗೆ ಕಟ್ಟುಬಿದ್ದಿರುತ್ತವೆ. ಇಲ್ಲಿ ಅದು ರದ್ದಾದರೆ ಅಲ್ಲಿಯೂ ಬೀಳುತ್ತದೆ. ಮೂರು ತಿಂಗಳೊಳಗೆ ಆಯಾ ದೇಶದಲ್ಲಿ ಬೇರೆ ಅರ್ಜಿ ಹಾಕಿ ಮೊದಲಿನ ತಾರೀಖು ಉಳಿಸಿಕೊಳ್ಳಬಹುದು, ಆದರೆ ಖರ್ಚು ಮತ್ತೆ ಮೊದಲಿನಿಂದ. ಆದುದರಿಂದ ಮೊದಲು ಮನೆಯ ಕಪಾಟು ತೆರೆಯಿರಿ. ಮಾರ್ಕು ಇನ್ನೂ ತೀರಿಹೋದ ತಂದೆಯವರ ಹೆಸರಿನಲ್ಲಿದೆಯೇ? ಪಾಲಾದ ಅಣ್ಣತಮ್ಮಂದಿರಿಬ್ಬರೂ ಒಂದೇ ಹೆಸರಿನಲ್ಲಿ ಮಾರುತ್ತಿರುವರೇ? ಇಲ್ಲಿ ಬಗೆಹರಿಯದ ಜಗಳ ಜಿನೀವಾದ ದಾಖಲೆಯನ್ನೂ ಕೆಡಿಸೀತು.

ಕನ್ನಡದ ಮಾತನ್ನೂ ಹೇಳಿಬಿಡುತ್ತೇನೆ. ಪರದೇಶಕ್ಕೆ ಕಳುಹಿಸುವ ಗುರುತು ಇಲ್ಲಿನ ಗುರುತಿನಂತೆಯೇ ಇರಬೇಕು. ಇಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಮಾತ್ರ ದಾಖಲಿಸಿದವರು ಅಲ್ಲಿ ಕನ್ನಡ ಸೇರಿಸಲಾರರು. ಕನ್ನಡ ಲಿಪಿಯ ಗುರುತಿಗೆ ಅಡ್ಡಿಯೇನಿಲ್ಲ. ಉಚ್ಚಾರವನ್ನು ರೋಮನ್ ಅಕ್ಷರದಲ್ಲಿ ಕೊಟ್ಟರಾಯಿತು. ಎರಡನ್ನೂ ಇಲ್ಲಿಯೇ ದಾಖಲಿಸುವುದು ಲೇಸು. ಇಲ್ಲಿ ಮೊದಲ ಅರ್ಜಿ ಹಾಕಿ ಆರು ತಿಂಗಳೊಳಗೆ ಹೊರಗೆ ಹಾಕಿದರೆ ಅಲ್ಲಿಯೂ ಇಲ್ಲಿನ ತಾರೀಖನ್ನೇ ಕೇಳಬಹುದು. ಅದಕ್ಕೂ ಮುಂಚೆ ಜಿನೀವಾ ಸಂಸ್ಥೆಯ ದಾಖಲೆಗಳಲ್ಲಿ ನಿಮ್ಮ ಹೆಸರು ಹುಡುಕಿ ನೋಡಿ. ಅದಕ್ಕೆ ಕಾಸು ಕೊಡಬೇಕಾಗಿಲ್ಲ.