ಆ ಹುಡುಗ ಎಲ್ಲಿ?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)

ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆಯ ನಮಗೆ ಬೈಲಕುಪ್ಪೆ ಹೊಸದಲ್ಲ. 1960ರ ಸುಮಾರಿಗೆ ಮೈಸೂರು ಸರ್ಕಾರ ಕೊಟ್ಟ ಕಾಡುನೆಲದಲ್ಲಿ ಟಿಬೆಟ್‌ನವರು ಬಂದು ಬೇರೂರಿದರು. ಅವರ ಮುಸುಕಿನ ಜೋಳದ ಹೊಲಗಳಲ್ಲಿ ನಮ್ಮ ಜನ ಕೂಲಿ ಮಾಡಿದ್ದಾರೆ. ಆದರೆ ಆ ನೆರೆಯವರ ನೋವು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಅಲ್ಲಿ ತಾಶಿ ಲುನ್ಪೊ ಅಂತ ಒಂದು ಮಠ ಇದೆ. ಅದರ ಮೂಲ ಮಠ ಇರೋದು ಟಿಬೆಟ್‌ನ ಶಿಗಾಟ್ಸೆಯಲ್ಲಿ. ಪಂಚೆನ್ ಲಾಮಾ ಅದರ ಗುರು. 1972ರಲ್ಲಿ ಅದನ್ನು ಬೈಲಕುಪ್ಪೆಯಲ್ಲಿ ಮತ್ತೆ ಕಟ್ಟಿದರು. 1995ರ ಮೇ 14ರಂದು ದಲೈ ಲಾಮಾ ಅವರು ಗೆದುನ್ ಚೋಕಿ ನಿಮಾ ಎಂಬ ಆರು ವರ್ಷದ ಹುಡುಗನನ್ನು 11ನೇ ಪಂಚೆನ್ ಲಾಮಾ ಎಂದು ಸಾರಿದರು. ಮೂರೇ ದಿನ. ಮೇ 17ರಂದು ಚೀನಾ ಸರ್ಕಾರ ಆ ಹುಡುಗನನ್ನೂ ಅವನ ತಂದೆತಾಯಿಯನ್ನೂ ಒಯ್ದಿತು. ಅವನನ್ನು ಹುಡುಕಿದ ತಂಡದ ಮುಖ್ಯಸ್ಥ ಚಾದ್ರೆಲ್ ರಿನ್ಪೊಚೆಯನ್ನು ಜೈಲಿಗೆ ಹಾಕಿತು. ಅದೇ ವರ್ಷ ತನಗೆ ಬೇಕಾದ ಇನ್ನೊಬ್ಬ ಹುಡುಗನನ್ನು ಪೀಠದಲ್ಲಿ ಕೂರಿಸಿತು.

ಪುನರ್ಜನ್ಮ ನಂಬೋದು ಬಿಡೋದು ಅವರವರಿಗೆ ಬಿಟ್ಟದ್ದು. ಆದರೆ ಆರು ವರ್ಷದ ಮಗುವನ್ನು ಒಂದು ಸರ್ಕಾರ ಎತ್ತಿಕೊಂಡು ಹೋಗಿದ್ದನ್ನು ಯಾವ ನಂಬಿಕೆಯವರಾದರೂ ಕೇಳಲೇಬೇಕು.

1996ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿಗೆ ಚೀನಾ ಹೇಳಿತು: ತಂದೆತಾಯಿ ಕೋರಿದ್ದರಿಂದ ರಕ್ಷಣೆ ಕೊಟ್ಟಿದ್ದೇವೆ. 2020ರಲ್ಲಿ ಹೇಳಿತು: ಕಾಲೇಜು ಮುಗಿಸಿದ್ದಾನೆ, ಕೆಲಸದಲ್ಲಿದ್ದಾನೆ, ತೊಂದರೆ ಕೊಡಬೇಡಿ. ಒಳ್ಳೇದು. ಹಾಗಿದ್ರೆ ಅದನ್ನ ಅವನೇ ಬಂದು ಹೇಳಲಿ! ಚೆನ್ನಾಗಿದ್ದಾನೆ ಅಂದರೆ ಸಾಲದು, ಕರೆತಂದು ತೋರಿಸಬೇಕು.

ಇದೆಲ್ಲ ಚೀನಾದಲ್ಲಿ ಮಾತ್ರ ಅಂದುಕೊಳ್ಳಬೇಡಿ. ನಮ್ಮ ಕೋಟೆಯ ಕಾಡು ದಾಟಿದರೆ ಕೇರಳ. ತುರ್ತು ಪರಿಸ್ಥಿತಿಯಲ್ಲಿ, 1976ರ ಮಾರ್ಚ್ 1ರಂದು, ಕ್ಯಾಲಿಕಟ್‌ನ ರೀಜನಲ್ ಎಂಜಿನಿಯರಿಂಗ್ ಕಾಲೇಜಿನ ರಾಜನ್ ಎಂಬ ವಿದ್ಯಾರ್ಥಿಯನ್ನು ಪೊಲೀಸರು ಹಿಡಿದುಕೊಂಡು ಹೋದರು. ಎಲ್ಲಿಂದ? ಹಾಸ್ಟೆಲ್‌ನಿಂದ! ತಂದೆ ಈಚರ ವಾರಿಯರ್, ಹಿಂದಿ ಮೇಷ್ಟ್ರು, ದೊಡ್ಡವರ ಬಾಗಿಲಿಗೆಲ್ಲ ಅಲೆದರು. ಹಿಡಿದವನನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಅನ್ನೋ ಅರ್ಜಿಗೆ ಹೇಬಿಯಸ್ ಕಾರ್ಪಸ್ ಅಂತಾರೆ. ತುರ್ತು ಪರಿಸ್ಥಿತಿಯಲ್ಲಿ ಅದು ನಡೆಯೋದಿಲ್ಲ ಅಂತ 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿಬಿಟ್ಟಿತು.

ತುರ್ತು ಪರಿಸ್ಥಿತಿ ಮುಗಿದ ಕೂಡಲೆ, 1977ರ ಮಾರ್ಚ್‌ನಲ್ಲಿ, ಆ ಮೇಷ್ಟ್ರು ಅದೇ ಅರ್ಜಿ ಹಾಕಿದರು. ನಾವು ಹಿಡಿದೇ ಇಲ್ಲ ಅಂದಿತು ಸರ್ಕಾರ. ಹೈಕೋರ್ಟು ನಂಬಲಿಲ್ಲ, ಹುಡುಗನನ್ನು ಹಾಜರುಪಡಿಸಿ ಅಂದಿತು. ಮುಖ್ಯಮಂತ್ರಿ ಕರುಣಾಕರನ್ ಕುರ್ಚಿ ಬಿಡಬೇಕಾಯಿತು. ಆಮೇಲೆ, ರಾಜನ್ ಪೊಲೀಸರ ಕೈಯಲ್ಲೇ ಸತ್ತ ಅಂತ ಸರ್ಕಾರ ಒಪ್ಪಿಕೊಂಡಿತು. ಹೆಣ ಮಾತ್ರ ಸಿಗಲೇ ಇಲ್ಲ. 2006ರಲ್ಲಿ ಸಾಯುವ ತನಕ ಆ ತಂದೆಗೆ ಮಗನ ಬೂದಿಯೂ ಸಿಗಲಿಲ್ಲ.

ಗೆಳೆಯರೆ, ರಾಜನ್ ಎಲ್ಲಿ ಅಂತ ಕೇಳೋಕೆ ಅಪ್ಪ ಇದ್ದ. ಆ ಟಿಬೆಟ್ ಹುಡುಗನ ಅಪ್ಪ ಅಮ್ಮನನ್ನೂ ಒಯ್ದರು. ಮನೆಯವರನ್ನೇ ಒಯ್ದ ಮೇಲೆ ಕೇಳೋರು ಯಾರು? ಅದಕ್ಕೇ ಬೈಲಕುಪ್ಪೆಯ ಮಠ ಮನೆಯವರ ಜಾಗದಲ್ಲಿ ನಿಂತು ಕೇಳ್ತಾ ಇದೆ.

ಇದು ನಮಗೂ ಪಾಠ. ನಮ್ಮ ಕೇರಿಯ ಹುಡುಗನನ್ನು ಅವೇಳೆಯಲ್ಲಿ ಎತ್ತಿಕೊಂಡು ಹೋದರೆ, ಕೂಲಿಗೆ ಹೋಗೋ ಅಪ್ಪ ಅವ್ವ ಎಷ್ಟು ಆಫೀಸು ಸುತ್ತಿಯಾರು? ಆಗ ಹಾಸ್ಟೆಲ್ಲೇ ಮನೆ, ನಾವೇ ಮನೆಯವರು. ಬಂಧಿಸಿದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಅನ್ನುತ್ತದೆ ಸಂವಿಧಾನದ 22ನೇ ವಿಧಿ. ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ನೆಂಟರೇ ಹಾಕಬೇಕೆಂದಿಲ್ಲ, ಗೆಳೆಯನೂ ಹಾಕಬಹುದು. ಸುಪ್ರೀಂ ಕೋರ್ಟಿಗೆ ಹೋಗುವ ಹಕ್ಕು ಕೊಡುವ 32ನೇ ವಿಧಿಯನ್ನು ಬಾಬಾಸಾಹೇಬರು ಸಂವಿಧಾನದ ಆತ್ಮ, ಹೃದಯ ಅಂತ ಕರೆದರು.

ಬಲವಂತದ ಕಣ್ಮರೆಯನ್ನು ತಡೆಯುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2007ರಲ್ಲಿ ಸಹಿ ಹಾಕಿತು, ಅನುಮೋದಿಸಲಿಲ್ಲ. ಚೀನಾ ಸಹಿಯನ್ನೂ ಹಾಕಿಲ್ಲ. ಎರಡನ್ನೂ ನಾವು ಕೇಳಬೇಕು.

ಯಾರನ್ನಾದರೂ ಒಯ್ದರೆ ದಿನ, ಹೊತ್ತು, ಗಾಡಿ ನಂಬರು, ನೋಡಿದವರ ಹೆಸರು ಅವತ್ತೇ ಬರೆದಿಡಿ. ಉತ್ತರ ಸಿಗೋ ತನಕ ಒಂದೇ ಪ್ರಶ್ನೆ ಕೇಳ್ತಾ ಇರಿ: ಹುಡುಗ ಎಲ್ಲಿ?

ಜೈ ಭೀಮ್.